ಓರೆ ಪೈಪಿನ ಅಡಿಕೆ ಡ್ರೈಯರ್: ತುಮಕೂರಿನಲ್ಲಿ ಮಾಡಿಸಿದ ಯಂತ್ರ ಹೇಗಿದೆ?

ಗುಬ್ಬಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಈಗ ಯಾರನ್ನು ಮಾತಾಡಿಸಿದರೂ ಅಡಿಕೆ ಡ್ರೈಯರ್ ವಿಷಯ ಬರುತ್ತದೆ. ಕೊಯ್ಲಿನ ಹೊತ್ತಿಗೇ ಮಳೆ. ಬೇಯಿಸಿದ ಅಡಿಕೆ ಕಣದಲ್ಲಿ ಹರವಿದ ಮೇಲೆ ಮೋಡ ಮುಚ್ಚಿಕೊಂಡರೆ ಬೂಷ್ಟು ಹಿಡಿಯುತ್ತದೆ. ಬಣ್ಣ ಹೋಗುತ್ತದೆ. ಮಂಡಿಯಲ್ಲಿ ಕೈಗೆ ತೆಗೆದುಕೊಂಡು ನೋಡಿದ ತಕ್ಷಣ ರೇಟು ಇಳಿಸುತ್ತಾರೆ. ಹಾಗಾಗಿ ನಾವೂ ಒಂದು ಬಿಸಿಗಾಳಿ ಡ್ರೈಯರ್ ಮಾಡಿಸಿದೆವು. ಒಂದು ಸೀಸನ್ ಪೂರ್ತಿ ಬಳಸಿದ್ದೇವೆ. ಅದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಈ ಯಂತ್ರದ ಪೈಪುಗಳ ಬಗ್ಗೆ ಇಲ್ಲಿ ತಪ್ಪು ಮಾತು ಜಾಸ್ತಿ ಓಡಾಡುತ್ತಿದೆ.

ನಮ್ಮದು ಗುಬ್ಬಿ ತಾಲ್ಲೂಕು. ಗಂಡನ ಮನೆಯ ತೋಟ. ಚೇಣಿಗೆ ಕೊಡುವುದಿಲ್ಲ. ನಾವೇ ಕೊಯ್ದು, ಸುಲಿಸಿ, ಬೇಯಿಸಿ, ಒಣಗಿಸುತ್ತೇವೆ. ನಾನು ಪಾಲಿಟೆಕ್ನಿಕ್ಕಿನಲ್ಲಿ ಮೆಕ್ಯಾನಿಕಲ್ ಓದುವ ಮಕ್ಕಳಿಗೆ ಹೀಟ್ ಟ್ರಾನ್ಸ್‌ಫರ್ ಪಾಠ ಹೇಳಿದವಳು, ಆ ಲ್ಯಾಬನ್ನೂ ನೋಡಿಕೊಂಡವಳು. ಹಾಗಾಗಿ ಡ್ರೈಯರ್ ಅಂದರೆ ನನ್ನ ಕಣ್ಣು ಮೊದಲು ಹೋಗುವುದು ಟ್ರೇಗಳ ಕಡೆಗಲ್ಲ, ಒಲೆಯ ಹಿಂದಿನ ಪೈಪುಗಳ ಕಡೆಗೆ. ಯಂತ್ರದ ಯೋಗ್ಯತೆ ಅಲ್ಲೇ ತೀರ್ಮಾನವಾಗುತ್ತದೆ.

ಮೊದಲೇ ಹೇಳಿಬಿಡುತ್ತೇನೆ. ಯಂತ್ರ ಚೆನ್ನಾಗಿದೆ, ತೆಗೆದುಕೊಳ್ಳಬಹುದು. ಆದರೆ ಶೆಡ್ಡಿನಿಂದ ಲಾರಿಗೆ ಏರಿಸುವ ಮುಂಚೆ ಕೆಲವು ಕೆಲಸ ಹೇಳಿ ಮಾಡಿಸಿಕೊಳ್ಳಬೇಕು. ಅವನ್ನು ಮುಂದೆ ಹೇಳುತ್ತೇನೆ.

ಮಾಡಿಕೊಟ್ಟವರು ತುಮಕೂರಿನ ಅಂತರಸನಹಳ್ಳಿ ಕಡೆಯ ಒಂದು ಸಣ್ಣ ಫ್ಯಾಬ್ರಿಕೇಷನ್ ಶೆಡ್. ಯಜಮಾನರು ಮತ್ತು ಕೆಲವು ವೆಲ್ಡರ್‌ಗಳು, ಅಷ್ಟೇ. ಯಂತ್ರ ಹೀಗಿದೆ: ಕೆಳಗೆ ಸೌದೆ ಒಲೆ. ಒಲೆಯ ಹೊಗೆ ಕೆಳಗಿನ ಹೊಗೆ ಪೆಟ್ಟಿಗೆಗೆ ಬಂದು, ಅಲ್ಲಿಂದ 40 ಪೈಪುಗಳಲ್ಲಿ ಮೇಲೇರಿ, ಮೇಲಿನ ಹೊಗೆ ಪೆಟ್ಟಿಗೆ ಸೇರಿ ಚಿಮಣಿಗೆ ಹೋಗುತ್ತದೆ. ಪೈಪುಗಳ ಹೊರಗಡೆ ಬ್ಲೋವರ್ ಗಾಳಿ ನುಗ್ಗುತ್ತದೆ. ಆ ಗಾಳಿ ಪೈಪುಗಳಿಂದ ಬಿಸಿಯಾಗಿ, ಒಲೆಯ ಕಬ್ಬಿಣದ ಮೈಯನ್ನೂ ಸವರಿಕೊಂಡು, ಟ್ರೇ ಇರುವ ಕೋಣೆಗೆ ಹೋಗುತ್ತದೆ. ಹೊಗೆಗೂ ಅಡಿಕೆಗೂ ಮುಖಾಮುಖಿ ಇಲ್ಲ. ಪೈಪು ಎರಡಿಂಚಿನದು, ಹೊರಗೆ ಅಳೆದರೆ 60 ಮಿಲಿಮೀಟರ್. ಎರಡು ಹೊಗೆ ಪೆಟ್ಟಿಗೆಗಳ ನಡುವಿನ ಎತ್ತರ 3 ಅಡಿ. ಪೈಪುಗಳು ನೆಟ್ಟಗೆ ನಿಂತಿಲ್ಲ, ಗಾಳಿ ಹೋಗುವ ದಿಕ್ಕಿಗೆ 45 ಡಿಗ್ರಿ ವಾಲಿಕೊಂಡಿವೆ.

ತಕರಾರು ಇರುವುದು ಈ ವಾಲಿಕೆಯ ಬಗ್ಗೆ. ಬೇರೆ ಕಡೆಯ ಡ್ರೈಯರ್ ಮಾರುವವರೊಬ್ಬರು ನಮ್ಮ ಮನೆಗೂ ಬಂದಿದ್ದರು. "ಓರೆ ಪೈಪಿಗೆ ಗಾಳಿ ಸರಿಯಾಗಿ ಹೊಡೆಯಲ್ಲ ಮೇಡಂ. ಅರ್ಧ ಶಾಖ ಚಿಮಣಿಯಲ್ಲೇ ಹೋಗಿಬಿಡುತ್ತೆ" ಅಂದರು. ಅವರ ಯಂತ್ರದಲ್ಲಿ ಪೈಪುಗಳು ಅಡ್ಡಡ್ಡ ಮಲಗಿರುತ್ತವೆ, ಗಾಳಿ ನೇರವಾಗಿ ಅಡ್ಡ ಬಡಿಯುತ್ತದೆ. ನಮ್ಮ ಅತ್ತೆಗೆ ಆ ಮಾತು ಮನಸ್ಸಲ್ಲಿ ಕೂತುಬಿಟ್ಟಿತು. "ಅವ್ರು ಹೇಳೋದ್ರಲ್ಲೂ ಏನೋ ಇರ್ಬೇಕಲ್ವಾ ತಾಯಿ?" ಅಂತ ಕೇಳಿದರು. ಇದೆ. ಆದರೆ ಅರ್ಧ ಅಲ್ಲ.

ಬಿಸಿ ಪೈಪಿಗೆ ಗಾಳಿ ಅಡ್ಡ ಬಡಿದಾಗ ಎಷ್ಟು ಶಾಖ ಹೋಗುತ್ತದೆ ಎಂಬುದಕ್ಕೆ ಹಳೆಯ, ಗಟ್ಟಿಯಾದ ಲೆಕ್ಕಗಳಿವೆ. 1933ರಲ್ಲಿ ಜರ್ಮನಿಯಲ್ಲಿ ಹಿಲ್ಪರ್ಟ್ ಎಂಬುವರು ಬಿಸಿ ತಂತಿ, ಬಿಸಿ ಪೈಪುಗಳನ್ನು ಗಾಳಿಗೆ ಅಡ್ಡ ಹಿಡಿದು ಅಳೆದು ಕೊಟ್ಟದ್ದು ಇಂದಿಗೂ ನಮ್ಮ ಪಠ್ಯದಲ್ಲಿದೆ. ನಮ್ಮ ಡ್ರೈಯರಿನ ಅಳತೆಗೆ ಅದನ್ನು ಹಾಕಿ ನೋಡಿದೆ. ಪೈಪುಗಳ ನಡುವೆ ಗಾಳಿಯ ವೇಗ ಸೆಕೆಂಡಿಗೆ ಸುಮಾರು 4 ಮೀಟರ್. ಪೈಪಿನ ಒಂದು ಚದರ ಮೀಟರ್ ಮೈಯಿಂದ, ಪೈಪಿಗೂ ಗಾಳಿಗೂ ಇರುವ ಪ್ರತಿ ಒಂದು ಡಿಗ್ರಿ ಬಿಸಿಯ ವ್ಯತ್ಯಾಸಕ್ಕೆ, 27 ವ್ಯಾಟ್‌ನಷ್ಟು ಶಾಖ ಗಾಳಿಗೆ ಹೋಗುತ್ತದೆ. ಇದು ಪೈಪು ಗಾಳಿಗೆ ನೇರ ಅಡ್ಡ ಇದ್ದಾಗ. ಬ್ಲೋವರ್ ನಿಂತು ಗಾಳಿ ಸುಮ್ನೆ ತಾನಾಗಿ ಏರುವಾಗ ಇದು 8ರ ಆಸುಪಾಸಿಗೆ ಇಳಿಯುತ್ತದೆ.

ಈಗ ಪೈಪು ವಾಲಿಸಿ. ಬರುವ ಗಾಳಿಯನ್ನು ಎರಡು ಪಾಲು ಮಾಡಿಕೊಳ್ಳಿ. ಒಂದು ಪಾಲು ಪೈಪಿಗೆ ಅಡ್ಡ ಬಡಿಯುತ್ತದೆ, ಇನ್ನೊಂದು ಪೈಪಿನ ಉದ್ದಕ್ಕೆ ಜಾರುತ್ತದೆ. ಶಾಖ ಕೀಳುವ ಕೆಲಸ ಹೆಚ್ಚುಕಡಿಮೆ ಪೂರ್ತಿ ಅಡ್ಡ ಪಾಲಿನದ್ದೇ. 45 ಡಿಗ್ರಿ ವಾಲಿದಾಗ ಅಡ್ಡ ಪಾಲು 4ರ ಬದಲು 2.8 ಮೀಟರ್ ಆಗುತ್ತದೆ. ಅಂದರೆ ನೂರಕ್ಕೆ 71. ಆದರೆ ವೇಗ ಇಳಿದಷ್ಟೇ ಶಾಖ ಇಳಿಯುವುದಿಲ್ಲ. ಈ ಅಳತೆಯ ಪೈಪು, ಈ ವೇಗದಲ್ಲಿ ಶಾಖ ಹೋಗುವುದು ವೇಗದ ಸುಮಾರು 0.6ನೇ ಘಾತದ ಲೆಕ್ಕದಲ್ಲಿ. ಹಾಗಾಗಿ ನೂರಕ್ಕೆ 81 ಉಳಿಯುತ್ತದೆ. 27 ಇದ್ದದ್ದು 22 ಆಗುತ್ತದೆ. 30 ಡಿಗ್ರಿ ಮಾತ್ರ ವಾಲಿಸಿದರೆ ನಷ್ಟ ನೂರಕ್ಕೆ 8ರಿಂದ 9. 60 ಡಿಗ್ರಿ ವಾಲಿಸಿದರೆ 35ರಷ್ಟು. ಅದಕ್ಕಿಂತ ಮುಂದೆ ಹೋದರೆ ಈ ಲೆಕ್ಕ ಶಾಖವನ್ನು ನಿಜಕ್ಕಿಂತ ಕಡಿಮೆ ತೋರಿಸಲು ಶುರು ಮಾಡುತ್ತದೆ, ಯಾಕೆಂದರೆ ಪೈಪಿನ ಉದ್ದಕ್ಕೆ ಜಾರುವ ಗಾಳಿಯೂ ಅಷ್ಟಿಷ್ಟು ಶಾಖ ಒಯ್ಯುತ್ತದೆ. ಗಾಳಿಯ ದಿಕ್ಕಿಗೇ ಪೂರ್ತಿ ಮಲಗಿಸಿದ ಪೈಪೂ ತಣ್ಣಗಾಗುತ್ತದೆ, ನಿಧಾನವಾಗಿ.

ಇದನ್ನು ನಾನು ಶೆಡ್ಡಿನಲ್ಲೇ ತೋರಿಸಿದೆ. ನನ್ನ ಹತ್ತಿರ ಬಿಸಿ ತಂತಿಯ ಗಾಳಿ ಮೀಟರ್ ಇದೆ. ಅದರೊಳಗೆ ಕೂದಲಿನಷ್ಟು ಸಣ್ಣ ತಂತಿ ಕಾದಿರುತ್ತದೆ. ಗಾಳಿ ಎಷ್ಟು ಬೇಗ ಅದರ ಶಾಖ ಕೀಳುತ್ತದೆ ಎಂಬುದರಿಂದ ವೇಗ ಹೇಳುತ್ತದೆ. 1914ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಎಲ್. ವಿ. ಕಿಂಗ್ ಈ ಲೆಕ್ಕವನ್ನು ಗಟ್ಟಿ ಮಾಡಿದ ಮೇಲೆ ಅದೇ ನಿಯಮದ ಮೇಲೆ ಇಂಥ ಮೀಟರ್‌ಗಳು ನಡೆದುಕೊಂಡು ಬಂದಿವೆ. ಬ್ಲೋವರ್ ಬಾಯಿಯ ಮುಂದೆ ತಂತಿಯನ್ನು ನೇರ ಅಡ್ಡ ಹಿಡಿದಾಗ 5 ಮೀಟರ್ ತೋರಿಸಿತು. ಅದೇ ಜಾಗದಲ್ಲಿ 45 ಡಿಗ್ರಿ ತಿರುಗಿಸಿದಾಗ ಮೂರೂವರೆ ಹತ್ತಿರಕ್ಕೆ ಇಳಿಯಿತು. ಗಾಳಿ ಬದಲಾಗಿಲ್ಲ, ತಂತಿಗೆ ಅಡ್ಡ ಬಡಿಯುವ ಪಾಲು ಬದಲಾಗಿದೆ. ಯಜಮಾನರು ಮೀಟರನ್ನು ಕೈಗೆ ತೆಗೆದುಕೊಂಡು ತಾವೇ ತಿರುಗಿಸಿ ತಿರುಗಿಸಿ ನೋಡಿದರು. "ಹಂಗಾದ್ರೆ ನಂದು ತಪ್ಪಾ ಮೇಡಂ?" ಅಂತ ಕೇಳಿದರು. ಅವರದ್ದು ತಪ್ಪಲ್ಲ. ಯಾಕೆ ಅನ್ನುವುದನ್ನು ಡ್ರೈಯರ್ ಕೊಳ್ಳುವ ಪ್ರತಿಯೊಬ್ಬರೂ ತಿಳಿದುಕೊಂಡರೆ ಒಳ್ಳೆಯದು.

ಮೇಲಿನ ಪೆಟ್ಟಿಗೆಗೂ ಕೆಳಗಿನ ಪೆಟ್ಟಿಗೆಗೂ ನಡುವೆ 3 ಅಡಿ. ನೆಟ್ಟಗೆ ನಿಲ್ಲಿಸಿದ ಪೈಪು 3 ಅಡಿ ಉದ್ದ. 45 ಡಿಗ್ರಿ ವಾಲಿಸಿದ ಪೈಪು 4 ಅಡಿ 3 ಇಂಚಿನ ಹತ್ತಿರ. ಒಂದು ಅಡಿಯಿಂದ ಬರುವ ಶಾಖ ನೂರಕ್ಕೆ 19 ಕಡಿಮೆಯಾಯಿತು, ಸರಿ. ಆದರೆ ಉದ್ದ ನೂರಕ್ಕೆ 41 ಜಾಸ್ತಿಯಾಯಿತು. ಹೊರಗಿನ ಗಾಳಿಯ ಲೆಕ್ಕ ಮಾತ್ರ ಹಿಡಿದು ಎರಡನ್ನೂ ಸೇರಿಸಿದರೆ ಒಂದೊಂದು ಪೈಪು ಗಾಳಿಗೆ ಕೊಡುವ ಶಾಖ ನೂರಕ್ಕೆ 14ರಷ್ಟು ಹೆಚ್ಚೇ ಆಗುತ್ತದೆ. ವಾಲಿಸಿದ್ದರಿಂದ ನಷ್ಟ ಆಯಿತು ಅನ್ನುವವರು ಅಡಿ ಲೆಕ್ಕ ಹೇಳುತ್ತಾರೆ, ಪೈಪಿನ ಲೆಕ್ಕ ಹೇಳುವುದಿಲ್ಲ. ಹೌದು, ಪೈಪಿಗೆ ದುಡ್ಡೂ ಅಷ್ಟು ಜಾಸ್ತಿ ಬೀಳುತ್ತದೆ. ಅದೇ ಕಬ್ಬಿಣದಲ್ಲಿ ನೆಟ್ಟನೆಯ ಪೈಪುಗಳನ್ನೇ ಇನ್ನಷ್ಟು ಹಾಕಬಹುದಿತ್ತಲ್ಲ ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಆಗ ವೆಲ್ಡಿಂಗ್ ಕೀಲುಗಳು ಜಾಸ್ತಿಯಾಗುತ್ತವೆ, ಹೊಗೆ ಇನ್ನಷ್ಟು ಪೈಪುಗಳಿಗೆ ಹಂಚಿಹೋಗಿ ಇನ್ನೂ ನಿಧಾನವಾಗುತ್ತದೆ. ಹೊಗೆ ನಿಧಾನವಾದರೆ ಏನು ತೊಂದರೆ ಎಂಬುದಕ್ಕೆ ಬರುತ್ತೇನೆ. ಅದಕ್ಕೂ ಮುಂಚೆ ಇನ್ನೊಂದು ಮಾತಿದೆ.

ಪೈಪು ಯಾವ ಕಡೆಗೆ ವಾಲಿದೆ ಎಂದು ಕೇಳದೆ ಯಾರೂ ಓರೆ ಪೈಪಿನ ಬಗ್ಗೆ ತೀರ್ಪು ಕೊಡಬಾರದು. ಗಾಳಿ ಹೋಗುವ ದಿಕ್ಕಿಗೆ ವಾಲಿದರೆ ಮಾತ್ರ ಮೇಲಿನ ಲೆಕ್ಕ. ಪೈಪು ಎಡಕ್ಕೋ ಬಲಕ್ಕೋ ವಾಲಿ, ಗಾಳಿಗೆ ಇನ್ನೂ ಪೂರ್ತಿ ಅಡ್ಡವಾಗಿಯೇ ಇದ್ದರೆ, ಹೊರಗಿನ ಗಾಳಿಗೆ ಏನೂ ವ್ಯತ್ಯಾಸವೇ ಇಲ್ಲ. ಒಂದೇ ಒಂದು ಪಾಲೂ ಕಳೆಯುವುದಿಲ್ಲ. ಉದ್ದ ಮಾತ್ರ ಸಿಗುತ್ತದೆ. ನಾನು ಯಜಮಾನರಿಗೆ ಇದನ್ನು ಹೇಳಿ, ಅಗಲದ ಕಡೆಗೆ ವಾಲಿಸಲು ಆಗುತ್ತದಾ ಎಂದು ಕೇಳಿದೆ. ಪೆಟ್ಟಿಗೆ ಅಗಲವಾದರೆ ಟ್ರ್ಯಾಕ್ಟರ್ ಟ್ರೇಲರಿನಲ್ಲಿ ಕೂರಿಸುವುದು ಕಷ್ಟ, ತೋಟದ ದಾರಿಯಲ್ಲಿ ತಿರುಗುವುದಿಲ್ಲ ಅಂದರು. ಒಪ್ಪಿಕೊಂಡೆ. ನಮ್ಮ ತೋಟದ ದಾರಿ ನೋಡಿದವರು ಯಾರೂ ಇದಕ್ಕೆ ಎದುರು ಹೇಳುವುದಿಲ್ಲ.

ಈಗ ಹೊಗೆಯ ಕಡೆಗೆ ಬರೋಣ. ನನ್ನ ಪ್ರಕಾರ ಇಡೀ ಯಂತ್ರದ ಮುಖ್ಯ ವಿಷಯ ಇದು, ಇದನ್ನೇ ಯಾರೂ ಮಾತಾಡುವುದಿಲ್ಲ.

ಶಾಖ ಹೊಗೆಯಿಂದ ಪೈಪಿನ ಗೋಡೆಗೆ, ಗೋಡೆಯಿಂದ ಗಾಳಿಗೆ ಹೋಗಬೇಕು. ಎರಡು ಬಾಗಿಲು ದಾಟಬೇಕು. ಹೊರಗಡೆ ಬ್ಲೋವರ್ ಗಾಳಿಯ ಬಾಗಿಲು ದೊಡ್ಡದು, ಮೇಲೆ ಹೇಳಿದ 22ರಿಂದ 27 ವ್ಯಾಟ್. ಒಳಗಡೆ ಹೊಗೆ ಚಿಮಣಿಯ ಎಳೆತಕ್ಕೆ ಮೆಲ್ಲಗೆ ಏರುತ್ತಿರುತ್ತದೆ, ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು. ಆ ನಿಧಾನದಲ್ಲಿ ಹೊಗೆ ಕಲಕಿಕೊಳ್ಳುವುದೇ ಇಲ್ಲ. ನಡುವಿನ ಬಿಸಿ ಹೊಗೆ ಗೋಡೆಯನ್ನು ಮುಟ್ಟದೆ ಹಾಗೇ ಚಿಮಣಿಗೆ ಹೋಗುತ್ತದೆ. ಅಲ್ಲಿಯ ಲೆಕ್ಕ ನನಗೆ ಸಿಕ್ಕಿದ್ದು 8ರ ಹತ್ತಿರ. ಎರಡು ಬಾಗಿಲಿನಲ್ಲಿ ಸಣ್ಣದು ಯಾವುದೋ ಅದೇ ಹರಿವನ್ನು ಹಿಡಿದಿಡುತ್ತದೆ. ಲೆಕ್ಕ ಮಾಡಿದರೆ, ನೇರ ಅಡ್ಡ ಪೈಪಿನಲ್ಲಿ ಎರಡೂ ಸೇರಿ 6.2, ಓರೆ ಪೈಪಿನಲ್ಲಿ 5.9. ಹೊರಗಡೆ ನೂರಕ್ಕೆ 19 ಕಡಿಮೆ ಆದರೂ ಒಟ್ಟಿನಲ್ಲಿ ಕಡಿಮೆ ಆಗಿದ್ದು 5. ಉದ್ದ ನೂರಕ್ಕೆ 41 ಹೆಚ್ಚಿರುವುದರಿಂದ, ಒಂದೊಂದು ಪೈಪಿನಿಂದ ಮೂರನೇ ಒಂದು ಭಾಗದಷ್ಟು ಶಾಖ ಜಾಸ್ತಿಯೇ ಬರುತ್ತದೆ.

ಅತ್ತೆಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು. "ಹಂಗಾದ್ರೆ ಒಳಗೆ ಮಸಿ ಕಟ್ಟಿದ್ರೆ?" ಅದೇ ನೋಡಿ. ಒಳಗಡೆಯ ಬಾಗಿಲು ಮೊದಲೇ ಸಣ್ಣದು. ಅದಕ್ಕೆ ಮಸಿ ಕಂಬಳಿ ಹೊದಿಸಿದರೆ ಇನ್ನೂ ಸಣ್ಣದಾಗುತ್ತದೆ. ಮಲಗಿಸಿದ ಪೈಪಿನಲ್ಲಿ ಬೂದಿ, ಮಸಿ ಕೆಳಗಿನ ಅರ್ಧಕ್ಕೆ ಕೂತುಬಿಡುತ್ತದೆ. ಹಸಿ ಸೌದೆ ಹಾಕಿದರೆ ಟಾರಿನ ನೀರು ಇಳಿದು ಆ ಮಸಿಯ ಜೊತೆ ಸೇರಿ ಗಟ್ಟಿಯಾಗುತ್ತದೆ, ಆಮೇಲೆ ಬ್ರಷ್ಷಿಗೂ ಬರುವುದಿಲ್ಲ. ಓರೆ ಪೈಪಿನಲ್ಲಿ ಒಣ ಮಸಿ ಬಹುಪಾಲು ತಾನೇ ಕೆಳಗಿನ ಪೆಟ್ಟಿಗೆಗೆ ಜಾರುತ್ತದೆ, ಟಾರಿನ ನೀರೂ ನಿಲ್ಲುವುದಿಲ್ಲ. ಮೇಲಿನ ಪೆಟ್ಟಿಗೆಗೆ ಮುಚ್ಚಳ ಇಟ್ಟಿದ್ದಾರೆ. ಅದನ್ನು ತೆಗೆದು ಉದ್ದ ಕಡ್ಡಿಗೆ ತಂತಿ ಬ್ರಷ್ ಕಟ್ಟಿ ಒಂದೊಂದೇ ಪೈಪಿಗೆ ತಳ್ಳಿದರೆ ಮುಗಿಯಿತು. ತೆಂಗಿನ ಸಿಪ್ಪೆ ಉರಿಸುವವರಿಗೆ ಇದು ಬಹಳ ಮುಖ್ಯ. ಸಿಪ್ಪೆಯಲ್ಲಿ ಬೂದಿ ಜಾಸ್ತಿ, ಒಣಗದಿದ್ದರೆ ಹೊಗೆಯೂ ಜಾಸ್ತಿ. ಚಿಪ್ಪು, ಜಾಲಿ ಸೌದೆ ಒಳ್ಳೆಯದು.

ಒಳಗಡೆಯ ಬಾಗಿಲನ್ನು ದೊಡ್ಡದು ಮಾಡುವ ಸುಲಭದ ದಾರಿಯೂ ಇದೆ. ತಿರುಚಿದ ತಗಡಿನ ಪಟ್ಟಿಯನ್ನು ಪೈಪಿನ ಒಳಗೆ ಇಳಿಬಿಡುವುದು. ಹೊಗೆ ಸುತ್ತಿಕೊಂಡು ಏರುತ್ತದೆ, ನಡುವಿನದ್ದು ಗೋಡೆಗೆ ಬರುತ್ತದೆ. ಬಾಯ್ಲರ್‌ಗಳಲ್ಲಿ ಇದು ಹಳೆಯ ಪದ್ಧತಿ. ನೆನಪಿಡಿ, ಪಟ್ಟಿ ಹಾಕಿದರೆ ಹೊಗೆಗೆ ತಡೆಯೂ ಹೆಚ್ಚುತ್ತದೆ. ಚಿಮಣಿ ಎತ್ತರ ಸಾಲದಿದ್ದರೆ ಒಲೆಯ ಬಾಯಲ್ಲಿ ಹೊಗೆ ಹಿಂದಕ್ಕೆ ಬರುತ್ತದೆ. ನಮ್ಮ ಚಿಮಣಿಯನ್ನು ಮಾಡಿಸುವಾಗಲೇ ಎತ್ತರಿಸಿ ಮಾಡಿಸಿದ್ದರಿಂದ ಆ ತೊಂದರೆ ಬರಲಿಲ್ಲ. ಯಜಮಾನರು ಮೊದಲು ಅರ್ಧ ಪೈಪುಗಳಿಗೆ ಮಾತ್ರ ಪಟ್ಟಿ ಹಾಕಿ ಕೊಟ್ಟರು. ಉರಿಸಿ ನೋಡಿ ಉಳಿದವಕ್ಕೂ ಹಾಕಿಸಿದೆವು. ಚಿಮಣಿಯ ಬುಡದಲ್ಲಿ ಹೊಗೆಯ ಬಿಸಿ ಕಣ್ಣಿಗೆ ಕಾಣುವಷ್ಟು ಇಳಿಯಿತು. ಚಿಮಣಿಗೆ ಹೋಗುತ್ತಿದ್ದ ಶಾಖ ಅಡಿಕೆಗೆ ಬಂತು ಎಂದೇ ಅರ್ಥ.

ಯಂತ್ರದ ದೊಡ್ಡ ಕೊರತೆ ಬೇರೆ ಕಡೆ ಇತ್ತು. ಪೈಪುಗಳನ್ನು ಸಾಲು ತಪ್ಪಿಸಿ ಕೂರಿಸಿದ್ದಾರೆ, ಅಂದರೆ ಮುಂದಿನ ಸಾಲಿನ ಸಂದಿಗೆ ಹಿಂದಿನ ಸಾಲಿನ ಪೈಪು ಬರುವ ಹಾಗೆ. ಇದು ಒಳ್ಳೆಯದು. ಮೊದಲ ಸಾಲು ಗಾಳಿಯನ್ನು ಕಲಕುತ್ತದೆ, ಹಿಂದಿನ ಸಾಲುಗಳು ಆ ಕಲಕಿದ ಗಾಳಿಯಿಂದ ಇನ್ನೂ ಚೆನ್ನಾಗಿ ತಣಿಯುತ್ತವೆ. ಆದರೆ ಕೊನೆಯ ಪೈಪಿಗೂ ಪಕ್ಕದ ಗೋಡೆಗೂ ನಡುವೆ ಎರಡೂ ಕಡೆ ಒಂದು ಅಂಗೈ ಅಗಲ ಸಂದಿ ಬಿಟ್ಟಿದ್ದರು. ವೆಲ್ಡರ್ ಕೈ ಹೋಗಲು ಜಾಗ ಬೇಕಲ್ಲ, ಅದಕ್ಕೆ. ಬದು ಒಡೆದ ಗದ್ದೆಯಲ್ಲಿ ನೀರು ಪೈರನ್ನು ಬಿಟ್ಟು ಆ ಕಡೆಗೇ ಹರಿಯುವ ಹಾಗೆ, ಗಾಳಿ ಪೈಪುಗಳ ನಡುವಿನ ಕಷ್ಟದ ದಾರಿ ಬಿಟ್ಟು ಈ ಸಂದಿಯಲ್ಲಿ ನುಗ್ಗುತ್ತಿತ್ತು. ಮೀಟರ್ ಹಿಡಿದರೆ ಸಂದಿಯಲ್ಲಿ ವೇಗ ಪೈಪುಗಳ ನಡುವೆ ಇರುವುದಕ್ಕಿಂತ ಜಾಸ್ತಿ ಇತ್ತು. ಆ ಗಾಳಿ ತಣ್ಣಗೇ ಬಂದು ಬಿಸಿ ಗಾಳಿಗೆ ಸೇರಿಕೊಳ್ಳುತ್ತಿತ್ತು.

ಇದನ್ನು ತೋರಿಸಿದಾಗ ಅವರು ವಾದ ಮಾಡಲಿಲ್ಲ. ಪಕ್ಕದ ಗೋಡೆಗೆ, ಪೈಪಿನ ಓರೆಗೆ ಸರಿಯಾಗಿ ಓರೆಯಾಗಿಯೇ, ಪ್ರತಿ ಎರಡನೇ ಸಾಲಿಗೆ ಒಂದರಂತೆ ತಗಡಿನ ಪಟ್ಟಿ ಬೆಸೆದು ಸಂದಿ ಮುಚ್ಚಿದರು. ಅಷ್ಟೇ ಸೌದೆ, ಅಷ್ಟೇ ಬ್ಲೋವರ್. ಮುಂಚೆ 55 ಡಿಗ್ರಿಗೆ ನಿಲ್ಲುತ್ತಿದ್ದ ಗಾಳಿ 61ಕ್ಕೆ ಬಂತು. ನಾಲ್ಕಾರು ತಗಡಿನ ಪಟ್ಟಿಯಿಂದ ಆದದ್ದು ಇದು. ಪೈಪಿನ ಕೋನದ ಬಗ್ಗೆ ಗಂಟೆಗಟ್ಟಲೆ ವಾದ ಮಾಡುವವರು ಮೊದಲು ಟಾರ್ಚ್ ಹಿಡಿದು ಪಕ್ಕದ ಸಂದಿ ನೋಡಬೇಕು. ನೀವು ಯಾರ ಹತ್ತಿರ ಕೊಂಡರೂ ಸರಿ, ಪೆಟ್ಟಿಗೆಯ ಮೇಲಿನ ತಗಡು ಮುಚ್ಚುವ ಮುಂಚೆ ಹೋಗಿ ಇದನ್ನು ನೋಡಿ. ಮುಚ್ಚಿದ ಮೇಲೆ ಯಾರೂ ಬಿಚ್ಚುವುದಿಲ್ಲ.

ಇನ್ನೊಂದು ಕೊರತೆ ಪೂರ್ತಿ ಹೋಗಿಲ್ಲ. ಹೊಗೆ ಕೆಳಗಿನಿಂದ ಮೇಲೇರುತ್ತಾ ತಣಿಯುತ್ತದೆ. ಹಾಗಾಗಿ ಪೈಪಿನ ಕೆಳಗಿನ ತುದಿ ಹೆಚ್ಚು ಬಿಸಿ, ಮೇಲಿನ ತುದಿ ಕಡಿಮೆ. ಗಾಳಿಯೂ ಕೆಳಗೆ ಬಿಸಿ, ಮೇಲೆ ಅದಕ್ಕಿಂತ ಕಡಿಮೆ ಬಿಸಿಯಾಗಿಯೇ ಟ್ರೇ ಕೋಣೆಗೆ ಬರುತ್ತದೆ. ಕೆಳಗಿನ ಟ್ರೇ ಬೇಗ ಒಣಗುತ್ತದೆ. ಪೈಪುಗಳ ನಂತರ ಒಂದು ಅಡ್ಡ ಹಲಗೆ ಹಾಕಿ ಗಾಳಿಯನ್ನು ಕಲಸುವ ಹಾಗೆ ಮಾಡಿದ್ದಾರೆ, ಸ್ವಲ್ಪ ಸರಿಹೋಯಿತು. ಆದರೂ ನಾವು ರಾತ್ರಿ ಊಟ ಆದ ಮೇಲೆ ಒಂದು ಸಲ ಮೇಲಿನ ಟ್ರೇ ಕೆಳಗೆ, ಕೆಳಗಿನದ್ದು ಮೇಲೆ ಮಾಡುತ್ತೇವೆ. ಒಬ್ಬರೇ ಇರುವ ಮನೆಯಲ್ಲಿ ಇದು ಕಷ್ಟದ ಕೆಲಸ. ಟ್ರೇ ತುಂಬಿದಾಗ ಭಾರ.

ಕಟ್ಟಿದ ರೀತಿಯಲ್ಲಿ ಎರಡು ವಿಷಯಕ್ಕೆ ನನಗೆ ಬಹಳ ಖುಷಿಯಾಯಿತು. ಒಂದು, ಬ್ಲೋವರನ್ನು ಪೈಪುಗಳ ಮುಂದೆ ಇಟ್ಟಿದ್ದಾರೆ, ಟ್ರೇ ಕೋಣೆಯ ಕೊನೆಯಲ್ಲಿ ಅಲ್ಲ. ಅಂದರೆ ಗಾಳಿಯನ್ನು ತಳ್ಳುತ್ತದೆ, ಎಳೆಯುವುದಿಲ್ಲ. ಮುಂದೊಂದು ದಿನ ಯಾವುದಾದರೂ ಕೀಲು ಬಿಟ್ಟುಕೊಂಡರೂ ಗಾಳಿ ಹೊಗೆಯ ಕಡೆಗೆ ನುಗ್ಗುತ್ತದೆಯೇ ಹೊರತು ಹೊಗೆ ಅಡಿಕೆಯ ಕಡೆಗೆ ಬರುವುದಿಲ್ಲ. ಹೊಗೆ ವಾಸನೆ ಹಿಡಿದ ಅಡಿಕೆ ಮಂಡಿಯಲ್ಲಿ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಎರಡನೆಯದು, ಮೇಲಿನ ಹೊಗೆ ಪೆಟ್ಟಿಗೆಯನ್ನು ಚೌಕಟ್ಟಿಗೆ ಬಿಗಿಯಾಗಿ ಬೆಸೆದಿಲ್ಲ. ಜಾಡಿನಲ್ಲಿ ಕೂರಿಸಿ ಸುತ್ತ ಶಾಖ ತಡೆಯುವ ಹಗ್ಗ ತುರುಕಿದ್ದಾರೆ. ಇಷ್ಟುದ್ದದ ಕಬ್ಬಿಣದ ಪೈಪು 200 ಡಿಗ್ರಿ ಕಾದರೆ 3 ಮಿಲಿಮೀಟರ್ ಉದ್ದವಾಗುತ್ತದೆ. ಎರಡೂ ತುದಿ ಬಿಗಿದಿದ್ದರೆ ಆ 3 ಮಿಲಿಮೀಟರ್ ವೆಲ್ಡಿಂಗನ್ನೇ ಸೀಳುತ್ತದೆ. ಯಜಮಾನರು ಇದನ್ನು ಯಾವ ಪುಸ್ತಕದಿಂದಲೂ ಕಲಿತಿಲ್ಲ. ಸೀಳಿದ ಕೀಲುಗಳನ್ನು ರಿಪೇರಿ ಮಾಡಿ ಮಾಡಿ ಕಲಿತದ್ದು. ನನ್ನ ವಿದ್ಯಾರ್ಥಿಗಳಿಗೆ ಇಂಥವರ ಶೆಡ್ಡಿನಲ್ಲಿ ಒಂದು ತಿಂಗಳು ಕಳೆಯುವ ಅವಕಾಶ ಸಿಗಬೇಕಿತ್ತು ಎಂದು ನನಗೆ ಅನಿಸುತ್ತದೆ.

ಕರೆಂಟ್ ವಿಷಯ. ನಮ್ಮ ಕಡೆ ತ್ರೀ ಫೇಸ್ ಇಡೀ ದಿನ ಇರುವುದಿಲ್ಲ. ಸಿಂಗಲ್ ಫೇಸಿನಲ್ಲಿ ಓಡುವ ಬ್ಲೋವರ್ ಮೋಟಾರನ್ನೇ ಕೇಳಿ ಹಾಕಿಸಿಕೊಂಡೆವು. ಆದರೂ ಕರೆಂಟ್ ಹೋಗುತ್ತದೆ. ಆಗ ಏನಾಗುತ್ತದೆ? ಗಾಳಿ ನಿಂತ ಕೂಡಲೇ ಪೈಪಿನಿಂದ ಶಾಖ ಹೋಗುವುದು ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ ಎಂದು ಮೇಲೆ ಹೇಳಿದೆನಲ್ಲ. ಒಲೆ ಮಾತ್ರ ಉರಿಯುತ್ತಲೇ ಇರುತ್ತದೆ. ಪೈಪಿನ ಗೋಡೆ ಕಾದು ಕೆಂಪಗಾಗುವ ಕಡೆಗೆ ಹೋಗುತ್ತದೆ, ಪೆಟ್ಟಿಗೆಯಲ್ಲಿ ನಿಂತ ಗಾಳಿ ವಿಪರೀತ ಬಿಸಿಯಾಗುತ್ತದೆ. ಕರೆಂಟ್ ಬಂದು ಬ್ಲೋವರ್ ತಿರುಗಿದಾಗ ಆ ಬಿಸಿ ಒಂದೇ ಸಲ ಟ್ರೇಗೆ ಬಡಿಯುತ್ತದೆ. ಅಡಿಕೆಯ ಹೊರಮೈ ಸೀದು ಒಳಗೆ ಹಸಿಯೇ ಉಳಿಯುತ್ತದೆ. ಇದಕ್ಕೆ ಶೆಡ್ಡಿನವರು ಒಂದು ಒಳ್ಳೆಯ ವ್ಯವಸ್ಥೆ ಮಾಡಿದ್ದಾರೆ. ಒಲೆಯಿಂದ ನೇರ ಚಿಮಣಿಗೆ ಒಂದು ಅಡ್ಡದಾರಿ, ಅದಕ್ಕೊಂದು ತಗಡಿನ ಬಾಗಿಲು. ಹಿಡಿಕೆ ಎಳೆದರೆ ಹೊಗೆ ಪೈಪಿಗೆ ಹೋಗದೆ ನೇರ ಮೇಲೆ ಹೋಗುತ್ತದೆ. ಅತ್ತೆಯವರಿಗೂ ಒಂದೇ ಕೈಯಲ್ಲಿ ಎಳೆಯಲು ಬರುತ್ತದೆ. ಕರೆಂಟ್ ಹೋಯಿತೆಂದರೆ ಮನೆಯಲ್ಲಿ ಯಾರು ಎಲ್ಲಿದ್ದರೂ ಮೊದಲು ಓಡುವುದು ಆ ಹಿಡಿಕೆಗೆ. ಇದಿಲ್ಲದ ಡ್ರೈಯರನ್ನು ನಮ್ಮ ಕಡೆಯ ಹಳ್ಳಿಗಳಲ್ಲಿ ಯಾರೂ ತೆಗೆದುಕೊಳ್ಳಬೇಡಿ ಎಂದು ಕೈಮುಗಿದು ಹೇಳುತ್ತೇನೆ.

ಬ್ಲೋವರನ್ನು ಇನ್ನೂ ದೊಡ್ಡದು ಹಾಕಿಸಿ ಎಂದು ಸಲಹೆ ಕೊಡುವವರು ಇದ್ದಾರೆ. ಬೇಡ. ಗಾಳಿಯ ವೇಗ ಎರಡು ಪಟ್ಟು ಮಾಡಿದರೆ ಪೈಪಿನ ಹೊರಗಡೆ ಶಾಖ ಒಂದೂವರೆ ಪಟ್ಟು ಆಗುತ್ತದೆ, ನಿಜ. ಆದರೆ ಬ್ಲೋವರಿಗೆ ಬೇಕಾದ ಶಕ್ತಿ ಎಂಟು ಪಟ್ಟು ಆಗುತ್ತದೆ. ಸಣ್ಣ ಬಾಗಿಲು ಹೊಗೆಯ ಕಡೆಗೇ ಇರುವುದರಿಂದ ಹೊರಗಡೆಯ ಆ ಒಂದೂವರೆ ಪಟ್ಟೂ ಒಟ್ಟಿನಲ್ಲಿ ಕೈಗೆ ಸಿಗುವುದಿಲ್ಲ. ಕರೆಂಟ್ ಬಿಲ್ಲು ಮಾತ್ರ ಬರುತ್ತದೆ. ಗಾಳಿ ತಣ್ಣಗೂ ಆಗುತ್ತದೆ, ಅಷ್ಟೇ ಶಾಖ ಹೆಚ್ಚು ಗಾಳಿಗೆ ಹಂಚಿಹೋಗುತ್ತದಲ್ಲ.

ಒಣಗುವುದು ಹೇಗಿದೆ? ಒಂದು ಸಲಕ್ಕೆ ಐದು ಕ್ವಿಂಟಲ್ ಬೇಯಿಸಿದ ಅಡಿಕೆ ಹಿಡಿಯುತ್ತದೆ. ಬಿಸಿಲಿನಲ್ಲಿ ಒಳ್ಳೆಯ ದಿನಗಳಾದರೆ ವಾರದ ಹತ್ತಿರ ಬೇಕು. ಇದರಲ್ಲಿ ಎರಡು ದಿನದೊಳಗೆ ಮುಗಿಯುತ್ತದೆ. ನಾವು 65 ಡಿಗ್ರಿ ದಾಟಲು ಬಿಡುವುದಿಲ್ಲ. ಬೇಯಿಸಿ ಚೊಗರು ಬಸಿದ ಅಡಿಕೆಯನ್ನು ನೇರವಾಗಿ ಒಳಗೆ ಹಾಕದೆ, ಮೊದಲು ಒಂದು ಹೊತ್ತು ಗಾಳಿಗೆ ಹರವಿ ಮೇಲಿನ ನೀರು ಹೋದ ಮೇಲೆ ಹಾಕುತ್ತೇವೆ. ಸೌದೆ ಉಳಿಯುತ್ತದೆ. ಬಣ್ಣ ಬಿಸಿಲಿನ ಅಡಿಕೆಯಷ್ಟೇ ಬರುತ್ತದಾ ಎಂದು ಎಲ್ಲರೂ ಕೇಳುತ್ತಾರೆ. ಒಳ್ಳೆಯ ಬಿಸಿಲಿನಲ್ಲಿ ಒಣಗಿದ ಅಡಿಕೆಗೆ ಒಂದು ಹೊಳಪು ಇರುತ್ತದೆ, ಅದು ಇದರಲ್ಲಿ ಅಷ್ಟು ಬರುವುದಿಲ್ಲ. ಆದರೆ ಮಳೆಯಲ್ಲಿ ನೆನೆದು, ಮತ್ತೆ ಒಣಗಿ, ಮತ್ತೆ ನೆನೆದ ಅಡಿಕೆಯ ಪಕ್ಕ ಇದನ್ನಿಟ್ಟು ನೋಡಿ. ನಮಗೆ ಬೇಕಿದ್ದದ್ದು ಅದೇ. ಬಿಸಿಲಿರುವ ದಿನ ಕಣದಲ್ಲೇ ಒಣಗಿಸುತ್ತೇವೆ, ಡ್ರೈಯರ್ ಹಚ್ಚುವುದೇ ಇಲ್ಲ.

ದುಡ್ಡು ಎರಡು ಲಕ್ಷದೊಳಗೆ ಬಂತು, ತೋಟಕ್ಕೆ ತಂದು ನಿಲ್ಲಿಸಿದ್ದೂ ಸೇರಿ. ಕಂಪನಿಯ ಯಂತ್ರಗಳ ಹಾಗೆ ಬಣ್ಣ, ಬಟನ್ನು, ಡಿಸ್‌ಪ್ಲೇ ಏನೂ ಇಲ್ಲ. ಮೂಲೆಗಳಲ್ಲಿ ತಗಡಿನ ಚೂಪು ಅಂಚು ಉಳಿದಿತ್ತು, ಉಜ್ಜಿಸಿದೆವು. ಪೆಟ್ಟಿಗೆಯ ಹೊರಗೋಡೆಗೆ ಗ್ಲಾಸ್ ವುಲ್ ಹಾಕಿದ್ದಾರೆ, ಆದರೆ ಒಲೆಯ ಬಾಗಿಲಿಗೆ ಹಾಕಿಲ್ಲ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಅದನ್ನು ಹೇಳಿ ಹಾಕಿಸಿ, ಇಲ್ಲವಾದರೆ ಸುತ್ತ ಕಂಬಿ ನಿಲ್ಲಿಸಿ. ಹೇಳಿದ ದಿನಕ್ಕೆ ಯಂತ್ರ ಬರಲಿಲ್ಲ, ತಡವಾಯಿತು. ಕೊಯ್ಲು ಶುರುವಾದ ಮೇಲೆ ಎಲ್ಲರೂ ಒಟ್ಟಿಗೆ ಆರ್ಡರ್ ಕೊಡುವುದರಿಂದ ಅವರೂ ಒದ್ದಾಡುತ್ತಾರೆ. ಆದರೆ ರಿಪೇರಿಗೆ ಫೋನ್ ಮಾಡಿದರೆ ಬರುತ್ತಾರೆ, ಬಂದು ನೋಡದೆ ಫೋನಿನಲ್ಲೇ "ಏನಾಗಲ್ಲ ಬಿಡಿ" ಎನ್ನುವ ಅಭ್ಯಾಸ ಅವರಿಗಿಲ್ಲ.

ನೀವು ಮಾಡಿಸುವುದಾದರೆ ಬೇಸಿಗೆಯಲ್ಲೇ ಹೇಳಿ. ಪೈಪುಗಳನ್ನು ಕೂರಿಸಿ, ಮೇಲಿನ ತಗಡು ಮುಚ್ಚದೆ ಇರುವ ದಿನ ಯಾವುದು ಎಂದು ಕೇಳಿಕೊಂಡು ಅಂದೇ ಹೋಗಿ. ಪಕ್ಕದ ಸಂದಿಗೆ ಪಟ್ಟಿ ಬಿದ್ದಿದೆಯಾ, ಪೈಪಿನ ಒಳಗೆ ತಿರುಚಿದ ತಗಡು ಇಳಿದಿದೆಯಾ, ಅಡ್ಡದಾರಿಯ ಹಿಡಿಕೆ ಸಲೀಸಾಗಿ ಎಳೆಯಲು ಬರುತ್ತದಾ, ಮೂರನ್ನೂ ನಿಮ್ಮ ಕೈಯಿಂದಲೇ ಮುಟ್ಟಿ ನೋಡಿ. ಉಳಿದ ಹಣ ಅದಾದ ಮೇಲೆ ಕೊಡಿ.